ಕರೆಂಟು ಹೋದ ದಿನದ ಕಪ್ಪು ಪುಡಿ

ಲ್ಯಾಬಿಗೆ ಸೇರಿದ ಮೊದಲ ವಾರವೇ ನಾನೊಂದು ಪೆದ್ದು ಕೆಲಸ ಮಾಡಿದೆ. ಕಬ್ಬಿಣದ ಎರಡು ಬಗೆಯ ಲವಣಗಳನ್ನು ನೀರಿನಲ್ಲಿ ಕರಗಿಸಿ ಅಮೋನಿಯಾ ಹನಿಸಿದರೆ ಕಣ್ಣೆದುರೇ ಕಪ್ಪು ಪುಡಿ ಹುಟ್ಟುತ್ತದೆ, ಅದರ ಕಣಗಳು ಕೂದಲಿನ ಎಳೆಗಿಂತ ಸಾವಿರಾರು ಪಾಲು ಸಣ್ಣವು, ಆದರೂ ಅಯಸ್ಕಾಂತ ಕರೆದರೆ ಓಡಿ ಬರುತ್ತವೆ ಎಂದು ಓದಿಕೊಂಡಿದ್ದೆ. ದ್ರಾವಣ ಕಲಕಲು ಎಲ್ಲರೂ ಹಾಕುವ ಹಾಗೆ ಬೀಕರಿನೊಳಗೆ ಬಿಳಿ ಗುಳಿಗೆಯಂಥ ಪುಟ್ಟ ಅಯಸ್ಕಾಂತದ ಕಡ್ಡಿ ಹಾಕಿ ಯಂತ್ರ ಶುರುಮಾಡಿದೆ. ಪುಡಿ ಹುಟ್ಟಿತು. ಹುಟ್ಟಿದ್ದೇ ತಡ, ಅಷ್ಟೂ ಹೋಗಿ ಆ ಕಡ್ಡಿಗೆ ಅಂಟಿಕೊಂಡಿತು. ಹೊರಗೆ ತೆಗೆದರೆ ಮೈ ನಿಮಿರಿಸಿಕೊಂಡ ಮುಳ್ಳುಹಂದಿ ಮರಿಯ ಹಾಗಿತ್ತು.

ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವಳು ಬಂದು ನೋಡಿದಳು. ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಣಿಯುವಷ್ಟು ನಕ್ಕಳು.

"ಅಲ್ಲೇ, ಅಯಸ್ಕಾಂತದ ಪುಡಿ ಮಾಡಾಕೆ ಹೋಗಿ ಅಯಸ್ಕಾಂತದಾಗೇ ಕಲಕ್ತೀಯಲ್ಲ! ಮೇಲಿಂದ ತಿರುಗೋ ರೆಕ್ಕೆ ಮೋಟಾರು ಐತೆ ನೋಡು, ಅದನ್ನ ಹಾಕ್ಕೋ. ಅಳಬ್ಯಾಡ, ನಾನೂ ಮೊದಲ್ನೇ ದಿನ ಇದನ್ನೇ ಮಾಡಿದ್ದೆ."

ಅವಳು ನನಗಿಂತ ಎರಡು ವರ್ಷ ಮೊದಲು ಸಂಶೋಧನೆಗೆ ಸೇರಿದ್ದಳು. ಅವತ್ತಿನಿಂದ ನಾನು ಅವಳನ್ನು ಅಕ್ಕ ಎಂದು ಕರೆದೆ. ಒಡಹುಟ್ಟಿದ ಅಕ್ಕ ನನಗಿರಲಿಲ್ಲ, ಇಬ್ಬರು ಅಣ್ಣಂದಿರು ಇದ್ದರು. ನಮ್ಮದು ಮದಕರಿಪುರ. ಹೊಲ ಮನೆ ನೋಡಿಕೊಂಡಿದ್ದ ಮನೆತನ, ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಒಲೆಯ ಮೇಲಿನ ರೊಟ್ಟಿ ತಟ್ಟೆಗೆ ಇಳಿಯುತ್ತಿರಲಿಲ್ಲ. ಹಾಗಾಗಿ ಚಿತ್ರದುರ್ಗಕ್ಕೆ ಬರುವ ಬಸ್ಸನ್ನು ನಾನು ವಾರಕ್ಕೆರಡು ಸಲವಾದರೂ ತಪ್ಪಿಸಿಕೊಳ್ಳುತ್ತಿದ್ದೆ. ಅಕ್ಕ ಹೊಸದುರ್ಗದ ಕಡೆಯ ಹಳ್ಳಿಯವಳು, ಕುರಿ ಸಾಕುವವರ ಮನೆಯ ಮಗಳು. ಊರಿನಲ್ಲಿ ಅವಳಿಗಿಂತ ಮೊದಲು ಕಾಲೇಜು ಕಂಡ ಹೆಂಗಸರು ಇರಲಿಲ್ಲ. ಚಿತ್ರದುರ್ಗದಲ್ಲಿ ಒಂದು ರೂಮು ಮಾಡಿಕೊಂಡಿದ್ದಳು, ಹಾಸಿಗೆಯ ಮೇಲೆ ಅವಳಪ್ಪ ನೇಯಿಸಿ ಕೊಟ್ಟ ಕರಿ ಕಂಬಳಿ ಇರುತ್ತಿತ್ತು.

ನಗುವಾಗ ಯಾಕೆ ಬಾಯಿ ಮುಚ್ಚಿಕೊಳ್ಳುತ್ತಾಳೆ ಎಂದು ನನಗೆ ಗೊತ್ತಾಗಲು ಹದಿನೈದು ದಿನ ಬೇಕಾಯಿತು. ಅವಳ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದವು. ಊರಿನ ಬೋರಿನ ನೀರಿನಲ್ಲಿ ಫ್ಲೋರೈಡು. ಚಿಕ್ಕಂದಿನಿಂದ ಅದೇ ನೀರು ಕುಡಿದವರ ಹಲ್ಲು ಹಾಗಾಗುತ್ತದೆ, ವಯಸ್ಸಾದಂತೆ ಮೂಳೆಗೂ ಇಳಿಯುತ್ತದೆ. ಅವಳ ಅವ್ವನಿಗೆ ಆಗಲೇ ಮಂಡಿ ಮಡಿಸಿ ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ. ನಿಂತೇ ಹಿಟ್ಟು ಕಲಸುತ್ತಿದ್ದರಂತೆ.

"ನಾನು ಕೆಮಿಸ್ಟ್ರಿ ಓದಿದ್ದು ಅದಕ್ಕೇ ಕಣೇ," ಎಂದಳು ಒಮ್ಮೆ, ಬೇವಿನ ಮರದ ಕೆಳಗೆ ರೊಟ್ಟಿ ಬುತ್ತಿ ಬಿಚ್ಚುತ್ತ. "ನೀರಿನಾಗಿರೋ ಫ್ಲೋರೈಡು ಹಿಡಿಯೋ ಪುಡಿ ಬೇಕಾದಷ್ಟು ಅವೆ. ಆದ್ರೆ ಪುಡಿ ನುಣ್ಣಗಾದಷ್ಟೂ ಒಳ್ಳೇದು, ನುಣ್ಣಗಾದ್ರೆ ನೀರಿಂದ ವಾಪಸ್ ತೆಗಿಯಾಕೆ ಬರಲ್ಲ. ಬಟ್ಟೆಯಾಗೆ ಸೋಸಿದ್ರೂ ಇಳಿದು ಹೋಗ್ತೈತೆ. ಅಯಸ್ಕಾಂತದ ಪುಡಿಯಾದ್ರೆ? ಕೊಡದ ತಳಕ್ಕೆ ಒಂದು ಅಯಸ್ಕಾಂತ ಇಟ್ಟು ನೀರು ಬಗ್ಗಿಸಿಕೊಂಡ್ರೆ ಆಯ್ತು. ನಮ್ಮವ್ವನೂ ಮಾಡ್ಬೋದು."

ನನಗೆ ಅಂಥ ಕಾರಣವೇನೂ ಇರಲಿಲ್ಲ. ಹೆಸರಿನ ಮುಂದೆ ಡಾಕ್ಟರ್ ಎಂದು ಬರಲಿ ಎಂದು ಬಂದವಳು ನಾನು. ಅವಳ ಕಾರಣವನ್ನೇ ನನ್ನದೂ ಮಾಡಿಕೊಂಡೆ.

ನಮ್ಮಿಬ್ಬರ ಮಾರ್ಗದರ್ಶಕರನ್ನು ನಾವು ಬರೀ ಸರ್ ಎನ್ನುತ್ತಿದ್ದೆವು. ಅವರ ಬೀರುವಿನಲ್ಲಿ ಬೆರಳುದ್ದದ ಒಂದು ಗಾಜಿನ ಶೀಸೆ ಇತ್ತು, ಒಳಗೆ ಮಸಿಯಂಥ ದ್ರವ. ಹತ್ತಿರ ಅಯಸ್ಕಾಂತ ತಂದರೆ ಆ ಮಸಿ ಸೀತಾಫಲದ ಮೈಯಂತೆ ಗುಬುಟು ಗುಬುಟಾಗಿ ಎದ್ದು ನಿಲ್ಲುತ್ತಿತ್ತು. ಸರ್ ತಮ್ಮ ವಿದ್ಯಾರ್ಥಿ ದಿನಗಳಲ್ಲಿ ಮಾಡಿದ್ದು ಅದು. ಆಗ ಕಣಗಳನ್ನು ಹುಟ್ಟಿಸುವ ವಿದ್ಯೆ ಅವರ ಕೈಗೆ ಬಂದಿರಲಿಲ್ಲ. ದೊಡ್ಡದನ್ನು ಅರೆದು ಸಣ್ಣದು ಮಾಡುವುದೊಂದೇ ದಾರಿ. ಅಯಸ್ಕಾಂತದ ಗುಣವಿರುವ ಅದಿರಿನ ಪುಡಿಯನ್ನು ಸೀಮೆಎಣ್ಣೆ ಮತ್ತು ಒಂದು ಜಿಡ್ಡಿನ ಆಮ್ಲದ ಜೊತೆ ಉಕ್ಕಿನ ಗುಂಡುಗಳಿರುವ ಡ್ರಮ್ಮಿಗೆ ತುಂಬಿ ವಾರಗಟ್ಟಲೆ ತಿರುಗಿಸುವುದು.

"ಮೂರು ವಾರ ಆ ಸದ್ದು ಕೇಳಿ ಕೇಳಿ, ಮನೆಗೆ ಹೋದ್ರೂ ಕಿವಿಯಾಗೆ ಗಡಗಡ ಅಂತಿತ್ತು," ಎನ್ನುತ್ತಿದ್ದರು ಸರ್. "ಕೊನೆಗೆ ಸಿಕ್ಕಿದ್ದು ಇಷ್ಟೇ ಇಷ್ಟು. ಅದರಾಗೂ ಒಂದು ಕಣ ರಾಗಿಯಷ್ಟು, ಇನ್ನೊಂದು ಕಡಲೆಯಷ್ಟು. ನೀವು ಪುಣ್ಯವಂತ್ರು. ಅಮೋನಿಯಾ ಸುರಿದ್ರೆ ನಿಮಿಷದಾಗೆ ಬರ್ತೈತೆ."

ನಿಮಿಷದಲ್ಲಿ ಬರುತ್ತಿತ್ತು, ನಿಜ. ಆದರೆ ಬರುವಾಗ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಒಂದೇ ಅಳತೆ, ಒಂದೇ ಲವಣ, ಒಂದೇ ಕೈ. ಆದರೂ ದಿನಕ್ಕೊಂದು ಹದ. ಸೋಮವಾರದ ಪುಡಿ ಅಯಸ್ಕಾಂತಕ್ಕೆ ಟಪ್ಪೆಂದು ಅಂಟುತ್ತಿತ್ತು, ಬುಧವಾರದ್ದು ಕಂದು ಬಣ್ಣಕ್ಕೆ ತಿರುಗಿ ಸುಮ್ಮನೆ ಬಿದ್ದಿರುತ್ತಿತ್ತು. ದ್ರಾವಣದಲ್ಲಿ ಗಾಳಿ ಸೇರಿದರೆ ತುಕ್ಕು. ಅದಕ್ಕೆ ನೈಟ್ರೋಜನ್ ಗುಳ್ಳೆ ಬಿಡುತ್ತಾ ಕೂರಬೇಕು. ನಾನು ಆ ಗಾಳಿಯ ನಳಿಗೆ ಹಿಡಿಯುತ್ತಿದ್ದೆ, ಅಕ್ಕ ಅಮೋನಿಯಾ ಹನಿಸುತ್ತಿದ್ದಳು. ಅಮೋನಿಯಾದ ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು. ಯಾರಾದರೂ ಒಳಗೆ ಬಂದರೆ ಅಕ್ಕ ಹೇಳುವಳು, "ಬರ್ರಿ, ಕುಂತ್ಕಳ್ರಿ, ನೀವೂ ಒಂದೀಟು ಅಳ್ರಿ."

ಕೆರೆಯ ಕೆಸರಿನಲ್ಲಿರುವ ಕೆಲವು ಸೂಕ್ಷ್ಮಜೀವಿಗಳು ತಮ್ಮ ಮೈಯೊಳಗೇ ಇಂಥ ಕಣಗಳನ್ನು ಸಾಲಾಗಿ, ಎಲ್ಲವೂ ಒಂದೇ ಗಾತ್ರಕ್ಕೆ ಮಾಡಿಕೊಳ್ಳುತ್ತವೆ ಎಂದು ಸರ್ ಒಂದು ದಿನ ಹೇಳಿದರು. ಅವರು ಅತ್ತ ಹೋದ ಮೇಲೆ ಅಕ್ಕ ಉಸಿರು ಬಿಟ್ಟಳು. "ನಮ್ಮೂರ ಕೆರೆಗಿರೋ ಬುದ್ಧಿ ನಮ್ಮ ಲ್ಯಾಬಿಗಿಲ್ಲ ಬಿಡು."

ಒಂದು ಭಾನುವಾರ ಇಬ್ಬರೂ ಜೋಗಿಮಟ್ಟಿಗೆ ಹೋಗಿದ್ದೆವು. ಬೆಟ್ಟದ ಮೇಲೆ ಅವಳ ದುಪಟ್ಟಾ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅಲ್ಲಿ, ಸುತ್ತ ಯಾರೂ ಇಲ್ಲದ ಕಡೆ, ಅವಳು ಬಾಯಿ ಮುಚ್ಚಿಕೊಳ್ಳದೆ ನಕ್ಕಳು. ಯಾವ ಮಾತಿಗೆ ನಕ್ಕಳೋ ನನಗೆ ನೆನಪಿಲ್ಲ. ಅವಳ ಜೊತೆಗಿದ್ದ ಆ ದಿನಗಳನ್ನು ನೆನೆದಾಗಲೆಲ್ಲ ಆ ಮಾತು ಯಾವುದಿತ್ತು ಎಂದು ತಡಕಾಡುತ್ತೇನೆ, ಸಿಗುವುದಿಲ್ಲ. ನಗು ಮಾತ್ರ ಕೇಳಿಸುತ್ತದೆ.

ಆ ವರ್ಷದ ಬೇಸಿಗೆಯಲ್ಲೇ ಆ ಪುಡಿ ಬಂದಿದ್ದು.

ಎಂದಿನಂತೆ ನೀರಿನ ತೊಟ್ಟಿಯನ್ನು ಎಂಬತ್ತು ಡಿಗ್ರಿಗೆ ಬಿಸಿ ಮಾಡಿ, ಉಷ್ಣಮಾಪಕ ನೋಡಿ ನಾನೇ ಲ್ಯಾಬ್ ಪುಸ್ತಕದಲ್ಲಿ ಬರೆದೆ. ಅಷ್ಟರಲ್ಲಿ ಆಫೀಸಿನಲ್ಲಿ ಸಹಿ ಹಾಕಬೇಕೆಂದು ಕರೆ ಬಂತು, ಹೋದೆ. ಅಲ್ಲಿದ್ದಾಗಲೇ ಕರೆಂಟು ಹೋಯಿತು. ಗುಮಾಸ್ತರು ಊಟಕ್ಕೆ ಎದ್ದರು, ನಾನು ಕಾದೆ. ವಾಪಸ್ಸು ಬರುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಅಕ್ಕ ಪುಡಿ ಮಾಡಿ ಮುಗಿಸಿ, ಬೀಕರಿನ ತಳಕ್ಕೆ ಅಯಸ್ಕಾಂತ ಹಿಡಿದು ತೊಳೆಯುತ್ತ ಕೂತಿದ್ದಳು. ಪುಡಿ ನುಣ್ಣಗೆ, ಕಾಡಿಗೆಯ ಹಾಗೆ. ಅದರ ಮೇಲೆ ಎಂದಿನಂತೆ, ಫ್ಲೋರೈಡು ಹಿಡಿಯಲೆಂದು, ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ತೆಳು ಲೇಪ ಕೊಟ್ಟೆವು, ಮರುದಿನ ಅವಳ ಊರಿನಿಂದ ಕ್ಯಾನಿನಲ್ಲಿ ತಂದಿದ್ದ ನೀರಿಗೆ ಹಾಕಿ ಅಲ್ಲಾಡಿಸಿದೆವು. ಅಯಸ್ಕಾಂತ ಹಿಡಿದು ನೀರನ್ನು ಬಗ್ಗಿಸಿಕೊಂಡು ಮೀಟರಿಗೆ ಕೊಟ್ಟಾಗ ಫ್ಲೋರೈಡು ಕುಡಿಯಬಹುದಾದ ಮಟ್ಟಕ್ಕಿಂತ ಎಷ್ಟೋ ಕೆಳಗೆ ಇಳಿದಿತ್ತು. ಅಷ್ಟು ಕೆಳಗೆ ನಾವೆಂದೂ ಕಂಡಿರಲಿಲ್ಲ. ಅಕ್ಕ ಮೀಟರನ್ನು ಎರಡು ಸಲ ತೊಳೆದು ಮತ್ತೆ ನೋಡಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡು ನಿಂತಳು. ಅವಳ ಬೆರಳಿನ ತುಂಬ ಕಪ್ಪು.

ಮತ್ತೆ ಆ ಪುಡಿ ಬರಲಿಲ್ಲ. ತಿಂಗಳೆರಡು ಪ್ರಯತ್ನಿಸಿದೆವು. ಪ್ರತಿ ಸಲವೂ ಎಂಬತ್ತು ಡಿಗ್ರಿ, ಪ್ರತಿ ಸಲವೂ ಮೋಟಾರು. ಬರುತ್ತಿದ್ದುದು ಅದೇ ಸಾಧಾರಣ ಪುಡಿ. ನೀರು ಆರಿದ್ದೇ ಕಾರಣವಿರಬಹುದೆಂದು ಅಕ್ಕನಿಗೂ ಆಗಿನ್ನೂ ಹೊಳೆದಿರಲಿಲ್ಲ.

ಸರ್ ಒಂದು ದಿನ ಇಬ್ಬರನ್ನೂ ಕೂರಿಸಿಕೊಂಡರು. ನಾನು ನೀಟಾಗಿ ಬರೆದಿದ್ದ ವರದಿ ಅವರ ಮುಂದಿತ್ತು.

ಅಕ್ಕ ಹೇಳಿದಳು, "ಸರ್, ಅವತ್ತು ಕರೆಂಟು ಹೋಗಿತ್ತು. ನಾನು ಅಮೋನಿಯಾ ಹಾಕೋ ಹೊತ್ತಿಗೆ ನೀರು ಉಗುರು ಬೆಚ್ಚಗಿತ್ತು ಅಷ್ಟೇ. ಗಾಜಿನ ಕಡ್ಡಿಯಾಗೆ ಕಲಕಿದೆ. ತಣ್ಣಗೆ ಮಾಡಿ ಒಂದ್ಸಲ ನೋಡಾಣ."

ಸರ್ ನನ್ನ ಕಡೆ ನೋಡಿದರು. "ನೀನು ಎಂಬತ್ತು ಅಂತ ಬರೆದೀಯಲ್ಲಮ್ಮ?"

"ಉಷ್ಣಮಾಪಕ ನಾನೇ ನೋಡಿದ್ದು ಸರ್," ಎಂದೆ. "ನಾನು ಬರುವಾಗಲೂ ತೊಟ್ಟಿ ಬಿಸಿಯಾಗೇ ಇತ್ತು. ಅಕ್ಕ ಮರೆತಿರಬೇಕು."

ಬರುವಾಗ ನಾನು ತೊಟ್ಟಿಯನ್ನು ಮುಟ್ಟಿ ನೋಡಿರಲೇ ಇಲ್ಲ. ನನ್ನ ವರದಿಯಲ್ಲಿ ತಪ್ಪಿದೆ ಎಂದು ಸರ್ ಎದುರು ಕೇಳಿಸಿಕೊಳ್ಳಲು ಆಗಲಿಲ್ಲ, ಅಷ್ಟೇ. ಬಿಸಿಯಲ್ಲಿ ಮಾಡುವುದೇ ಸರಿ ಎಂದು ಪುಸ್ತಕಗಳೂ ಹೇಳುತ್ತಿದ್ದವು. ಸರ್ ಪುಸ್ತಕದ ಕಡೆ, ಅಂದರೆ ನನ್ನ ಕಡೆ, ವಾಲಿದರು. ಅಕ್ಕ ವಾದ ಮಾಡಲಿಲ್ಲ. "ಇರ್ಬೋದು ಸರ್," ಎಂದು ಎದ್ದು ಹೋದಳು.

ತಿಂಗಳು ಕಳೆಯುವುದರೊಳಗೆ ಅವಳು ಲ್ಯಾಬು ಬಿಟ್ಟಳು. ನಾನು ಬಸ್ಸು ತಪ್ಪಿಸಿಕೊಂಡು ತಡವಾಗಿ ಬಂದ ದಿನವೇ ಬಂದು, ತನ್ನ ಮೇಜು ಒರೆಸಿ, ಬೀಕರುಗಳನ್ನು ಬೋರಲು ಹಾಕಿ ಹೋಗಿದ್ದಳು. ಫೋನು ಮಾಡಿದೆ, ಎತ್ತಲಿಲ್ಲ. ಎರಡನೇ ಸಲ ಮಾಡಲು ನನಗೆ ಧೈರ್ಯವಾಗಲಿಲ್ಲ.

ಅಲ್ಲಿಂದಾಚೆ ನಾನು ಆ ವಿಧಾನವನ್ನೇ ಬಿಟ್ಟೆ. ಸರ್ ನನ್ನನ್ನು ಆರು ತಿಂಗಳು ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ಕಬ್ಬಿಣವನ್ನು ಜಿಡ್ಡಿನ ಆಮ್ಲದ ಜೊತೆ ಸೇರಿಸಿ, ಎಣ್ಣೆಯಂಥ ದ್ರವದಲ್ಲಿ ಮುನ್ನೂರು ಡಿಗ್ರಿಗೂ ಮೇಲೆ ಕಾಯಿಸುತ್ತಿದ್ದರು. ಒಂದು ಡಿಗ್ರಿ ಹೆಚ್ಚು ಕಡಿಮೆಯಾಗದ ಹಾಗೆ ಯಂತ್ರವೇ ಕಾಯುತ್ತಿತ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಕಣಗಳನ್ನು ಮೊದಲು ಕಂಡಾಗ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ದುಂಡಗೆ, ಸಾಲು ಸಾಲು. ಅಕ್ಕ ಇದ್ದಿದ್ದರೆ ಏನನ್ನುತ್ತಿದ್ದಳು ಎಂದು ತಿರುಗಿ ನೋಡಿದೆ. ಪಕ್ಕದ ಕುರ್ಚಿಯಲ್ಲಿ ಯಾರದೋ ಬ್ಯಾಗಿತ್ತು. ಆದರೆ ಆ ಕಣಗಳಿಗೆ ಮೈತುಂಬ ಜಿಡ್ಡು, ನೀರಿನಲ್ಲಿ ಬೆರೆಯುತ್ತಿರಲಿಲ್ಲ. ಕೊಡದ ನೀರಿಗೆ ಹಾಕಲು ಬರುವಂಥವಲ್ಲ.

ಚಿತ್ರದುರ್ಗಕ್ಕೆ ಮರಳಿ ಬಂದು ಉರಿಸುವ ವಿಧಾನ ಹಿಡಿದೆ. ಕಬ್ಬಿಣದ ನೈಟ್ರೇಟಿಗೆ ಯೂರಿಯಾ ಬೆರೆಸಿ ಕುಲುಮೆಗೆ ಇಟ್ಟರೆ ಮೊದಲು ಕುದಿಯುತ್ತದೆ, ಹೊಗೆಯಾಡುತ್ತದೆ, ಇದ್ದಕ್ಕಿದ್ದಂತೆ ಬೆಂಕಿ ಹತ್ತಿ ಮಂಡಕ್ಕಿ ಅರಳಿದ ಹಾಗೆ ಪಾತ್ರೆ ತುಂಬ ಉಬ್ಬಿಬಿಡುತ್ತದೆ. ಐದೇ ನಿಮಿಷ. ಊದಿದರೆ ಹಾರುವಷ್ಟು ಹಗುರ. ಅದರ ಮೇಲೇ ನನ್ನ ಪ್ರಬಂಧ ಮುಗಿಯಿತು, ಡಾಕ್ಟರೇಟ್ ಸಿಕ್ಕಿತು. ಊರಿನಲ್ಲಿ ಪೇಟ ಸುತ್ತಿ ಹಾರ ಹಾಕಿದರು. ಆ ಪ್ರಬಂಧದಲ್ಲಿ ಫ್ಲೋರೈಡಿನ ಮಾತೇ ಇರಲಿಲ್ಲ.

ಹೊಳಲ್ಕೆರೆಯ ಕಾಲೇಜಿನಲ್ಲಿ ಕೆಲಸ ಸಿಕ್ಕಿ ಈಗ ಹನ್ನೆರಡು ವರ್ಷ. ಮದುವೆಯಾಯಿತು, ಇಬ್ಬರು ಮಕ್ಕಳು. ಕಣಗಳನ್ನು ಮಾಡುವ ವಿದ್ಯೆ ನನ್ನನ್ನು ಕೇಳಿಕೊಂಡು ನಿಲ್ಲಲಿಲ್ಲ. ಮೈಕ್ರೋವೇವ್ ಒಲೆ ಬಂತು. ಆಮೇಲೆ ಎಲೆಯ ಕಷಾಯ ಬಂತು. ನನ್ನ ವಿದ್ಯಾರ್ಥಿಗಳೇ ರಸ್ತೆ ಬದಿಯ ತಂಗಡಿ ಗಿಡದ ಎಲೆ ಕುದಿಸಿ, ಆ ರಸದಲ್ಲಿ ಕಣ ಮಾಡಿದರು. ಮಳೆಗಾಲದ ಎಲೆಗೆ ಒಂದು ಹದ, ಬೇಸಿಗೆಯ ಎಲೆಗೆ ಇನ್ನೊಂದು ಹದ ಬಂದು ಕಂಗೆಟ್ಟರು. ಹೋದ ವರ್ಷ ಒಂದು ಕಾರ್ಯಾಗಾರದಲ್ಲಿ ತೀರಾ ಹೊಸದನ್ನು ಕಂಡೆ. ಎರಡು ಪಿಚಕಾರಿಯಂಥ ಪಂಪುಗಳು, ಸೇಮಿಗೆ ಎಳೆಯಂಥ ಕೊಳವೆ. ಒಂದು ಕಡೆಯಿಂದ ಲವಣ, ಇನ್ನೊಂದು ಕಡೆಯಿಂದ ಕ್ಷಾರ ಬಂದು ಕೊಳವೆಯೊಳಗೇ ಕೂಡುತ್ತವೆ. ಹನಿ ಹನಿಗೂ ಒಂದೇ ಬಿಸಿ, ಒಂದೇ ಗಳಿಗೆ. ಇವತ್ತು ಮಾಡಿದ್ದು ನಾಳೆಯೂ ಹಾಗೇ ಬರುತ್ತದೆ. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ನಾನು ಆ ಕೊಳವೆಯ ತುದಿಯಿಂದ ತೊಟ್ಟಿಕ್ಕುತ್ತಿದ್ದ ಕಪ್ಪನ್ನೇ ನೋಡುತ್ತ ನಿಂತಿದ್ದೆ. ಇದೊಂದು ಆಗ ನಮ್ಮ ಮೇಜಿನ ಮೇಲಿದ್ದಿದ್ದರೆ ಯಾರ ಮಾತು ಸರಿ, ಯಾರದು ತಪ್ಪು ಎಂದು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲವಲ್ಲ ಎನ್ನಿಸಿತು.

ಈ ವರ್ಷ, ಕಾಲೇಜಿಗೆ ರಜೆಯಿದ್ದ ಒಂದು ಬೆಳಿಗ್ಗೆ, ಮುಂದಿನ ಪ್ರಾಯೋಗಿಕ ತರಗತಿಗೆಂದು ಒಬ್ಬಳೇ ಲ್ಯಾಬಿಗೆ ಹೋಗಿ ಹಳೆಯ ಅಮೋನಿಯಾ ವಿಧಾನದ ಪುಡಿ ಮಾಡಲು ಕೂತೆ. ತೊಟ್ಟಿ ಎಂಬತ್ತಕ್ಕೆ ಬರುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತ ಕಾದೆ, ಕರೆಂಟು ಬರಲಿಲ್ಲ. ಕರಗಿಸಿದ ಲವಣ ಚೆಲ್ಲಲು ಮನಸ್ಸಾಗದೆ ಆರಿದ ನೀರಿನಲ್ಲೇ ಅಮೋನಿಯಾ ಹನಿಸಿ, ಗಾಜಿನ ಕಡ್ಡಿಯಲ್ಲಿ ಕಲಕಿದೆ.

ತಳಕ್ಕೆ ಅಯಸ್ಕಾಂತ ಹಿಡಿದು ತೊಳೆಯುವಾಗ ಕೈ ನಿಂತಿತು. ಆ ಕಾಡಿಗೆಯಂಥ ನುಣುಪನ್ನು ನಾನು ಇನ್ನೊಬ್ಬರ ಬೆರಳಿನ ಮೇಲೆ ಕಂಡಿದ್ದೆ.

ಹಿರಿಯೂರಿನ ಆದಿವಾಲದ ಕಡೆಯಿಂದ ಬರುವ ಸಹೋದ್ಯೋಗಿಯೊಬ್ಬರು ತಮ್ಮ ತೋಟದ ಬೋರಿನ ನೀರು ಪರೀಕ್ಷಿಸಿಕೊಡಿ ಎಂದು ಕೊಟ್ಟ ಬಾಟಲಿ ಕಿಟಕಿಯಲ್ಲಿತ್ತು. ಪುಡಿಗೆ ಲೇಪ ಕೊಟ್ಟು ಮರುದಿನ ಅದಕ್ಕೆ ಹಾಕಿದೆ. ಮೀಟರು ಇಳಿಯಿತು, ಇಳಿಯುತ್ತಲೇ ಹೋಯಿತು. ನಾಲ್ಕು ದಿನ ಬಿಡದೆ ಉಗುರು ಬೆಚ್ಚಗಿನ ನೀರಿನಲ್ಲೇ ಮಾಡಿದೆ. ನಾಲ್ಕೂ ದಿನ ಅದೇ ಪುಡಿ ಬಂತು. ಬಿಸಿ ಕಡಿಮೆಯಾದರೆ ಕಣಗಳು ಬೆಳೆಯದೆ ಚಿಕ್ಕವಾಗಿಯೇ ಉಳಿಯುತ್ತವೆ, ಫ್ಲೋರೈಡು ಕೂರಲು ಹೆಚ್ಚು ಜಾಗ ಸಿಗುತ್ತದೆ. ಮೊದಲ ವರ್ಷದ ಹುಡುಗಿಗೂ ಹೇಳಿಕೊಡುವಷ್ಟು ಸರಳ ಸಂಗತಿ.

ಮನೆಗೆ ಹೋಗಿ ಅಟ್ಟದಿಂದ ಹಳೆಯ ಲ್ಯಾಬ್ ಪುಸ್ತಕ ಇಳಿಸಿದೆ. ಆ ದಿನದ ಪುಟದಲ್ಲಿ ನನ್ನ ಇಂಗ್ಲಿಷ್ ಸಾಲಿನ ಪಕ್ಕ, ಅಂಚಿನಲ್ಲಿ, ಸೀಸದ ಕಡ್ಡಿಯಲ್ಲಿ ಅವಳ ಕನ್ನಡವಿತ್ತು: 'ಕರೆಂಟು ಹೋಯಿತು. ನೀರು ಬರೀ ಬೆಚ್ಚಗಿದೆ. ಕೈಯಲ್ಲಿ ಕಲಕಿದೆ.' ನೀಟಾದ ವರದಿ ಬರೆಯುವಾಗ ಆ ಸಾಲು ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದಿರಲಿಲ್ಲ ಎಂದು ಇಲ್ಲಿ ಬರೆಯಲಾರೆ.

ಅವಳು ಮದುವೆಯಾಗಿ ಹೊಸದುರ್ಗದಲ್ಲಿ ಹೈಸ್ಕೂಲು ಟೀಚರ್ ಆಗಿದ್ದಾಳೆಂದು ಯಾರೋ ಹೇಳಿದ್ದರು. ನಂಬರು ಹುಡುಕಿ ಫೋನು ಮಾಡಿದೆ. "ನಾನು ಕಣಕ್ಕಾ," ಎಂದೆ. "ಭಾನುವಾರ ಬಾ," ಎಂದಳು. ಹೊಳಲ್ಕೆರೆಯಿಂದ ಹೊಸದುರ್ಗ ಅದೇನು ದೂರ? ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವುದರೊಳಗೆ ಊರು ಬರುತ್ತದೆ. ಇಷ್ಟು ಹತ್ತಿರವಿದ್ದುಕೊಂಡು ಹನ್ನೆರಡು ವರ್ಷ.

ಅಕ್ಕ ದಪ್ಪಗಾಗಿದ್ದಳು. ಕನ್ನಡಕ ಬಂದಿತ್ತು. ಮುಂದಿನ ಹಲ್ಲುಗಳಿಗೆ ಬಿಳಿ ಕವಚ ಹಾಕಿಸಿಕೊಂಡಿದ್ದಳು. ಟೀ ಕೊಟ್ಟು ಎದುರಿಗೆ ಕೂತಾಗ ನಾನು ಪುಡಿಯ ಶೀಸೆ ಮತ್ತು ಆ ಪುಸ್ತಕ ಮುಂದಿಟ್ಟೆ. ಹೇಳಬೇಕೆಂದು ಜೋಡಿಸಿಕೊಂಡಿದ್ದ ಮಾತೆಲ್ಲ ಒಂದೇ ಉಸಿರಿಗೆ ಬಂದುಬಿಟ್ಟಿತು. "ನೀನು ಹೇಳಿದ್ದೇ ಸರಿ ಇತ್ತಕ್ಕಾ. ತೊಟ್ಟಿ ನಾನು ಮುಟ್ಟಿರಲಿಲ್ಲ. ಸರ್ ಮುಂದೆ ಸುಳ್ಳು ಹೇಳ್ದೆ. ನನ್ನಿಂದ ನೀನು ಲ್ಯಾಬು ಬಿಟ್ಟೆ."

ಅವಳು ಪುಟದ ಅಂಚಿನ ತನ್ನ ಅಕ್ಷರದ ಮೇಲೆ ಬೆರಳಾಡಿಸಿದಳು.

"ನೀನು ಮುಟ್ಟಿರಲಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು," ಎಂದಳು. "ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಲ್ಯಾಬು ಬಿಟ್ಟಿದ್ದು ಅದಕ್ಕಲ್ಲ ಕಣೇ. ಅವ್ವ ಅದೇ ವಾರ ಹಾಸಿಗೆ ಹಿಡಿದ್ಲು. ಎತ್ತಿ ಕೂರ್ಸೋಕೆ ಒಂದು ಜನ ಬೇಕಾಗಿತ್ತು. ಹೇಳಿ ಬರಾಣ ಅಂದ್ರೆ ನೀನು ಇನ್ನೂ ಬಂದಿರಲಿಲ್ಲ."

"ಫೋನು ಮಾಡಿದ್ದೆ."

"ಹೂಂ, ನೋಡಿದ್ದೆ. ಆಸ್ಪತ್ರೆಯಾಗೆ ಇದ್ದೆ. ಇನ್ನೊಂದ್ಸಲ ಮಾಡ್ತೀಯ ಅಂತ ಕಾದೆ. ಆಮೇಲೆ, ನೀನೇ ಬ್ಯಾಡ ಅಂದ್ಕಂಡಿರ್ಬೇಕು ಅಂತ ಸುಮ್ಮನಾದೆ."

ನಾನು ಅತ್ತೆ. ಅವಳು ಅಳಲಿಲ್ಲ. ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, "ಟೀ ಆರಿಹೋಗ್ತೈತೆ ಕುಡಿ," ಎಂದಳು. ಅವ್ವ ತೀರಿಕೊಂಡು ಎಂಟು ವರ್ಷವಾಯಿತಂತೆ. ಅವಳ ಊರಿಗೆ ಈಗ ಪೈಪಿನಲ್ಲಿ ಹೊಳೆ ನೀರು ಬರುತ್ತದೆ. ನಮ್ಮ ಪುಡಿ ಅಲ್ಲಿ ಯಾರಿಗೂ ಬೇಕಾಗಿಲ್ಲ. ಅದನ್ನು ಹೇಳುವಾಗ ಅವಳಿಗೆ ಸಂತೋಷವೇ ಇತ್ತು, ಇರಬೇಕಾದದ್ದೇ. ನನಗೂ ಆಗಬೇಕಿತ್ತು.

ಈಗ ಈ ವಿಧಾನದ ಬಗ್ಗೆ ಒಂದು ಲೇಖನ ಬರೆದು ಕಳಿಸಿದ್ದೇನೆ, ಬೇರೆ ಊರುಗಳ ಬೋರುಗಳಿಗೆ ಆದೀತು. ಅವಳ ಹೆಸರು ಮೊದಲು, ನನ್ನದು ಆಮೇಲೆ. ಬೇಡ ಎಂದಳು, ನಾನು ಬಿಡಲಿಲ್ಲ. ಕೊನೆಗೆ ಒಪ್ಪಿ, ಒಂದೇ ಒಂದು ಮಾತು ಹೇಳಿದಳು: "ಹಾಕೋದಾದ್ರೆ ಅಪ್ಪನ ಮನೆ ಹೆಸರಾಗೇ ಹಾಕು. ಆ ಕೆಲ್ಸ ಮಾಡಿದ್ದು ಆ ಹುಡುಗಿ."

ತಿಂಗಳಿಗೊಂದು ಭಾನುವಾರ ಹೊಸದುರ್ಗಕ್ಕೆ ಹೋಗುತ್ತೇನೆ. ಮಕ್ಕಳ ಮಾರ್ಕ್ಸು, ಅವಳ ಬಿ.ಪಿ., ಶಾಲೆಯ ಹೊಸ ಹೆಡ್‌ಮೇಷ್ಟ್ರು, ಇವೇ ಮಾತು. ಲ್ಯಾಬಿನ ಸುದ್ದಿ ತೆಗೆದರೆ ಕೇಳುತ್ತಾಳೆ, ಚೆನ್ನಾಗಿಯೇ ಕೇಳುತ್ತಾಳೆ, ಆದರೆ ತಾನಾಗಿ ಏನೂ ಕೇಳುವುದಿಲ್ಲ. ಹೋದ ಸಲ ಕೊಳವೆಯ ಯಂತ್ರದ ಬಗ್ಗೆ ಹೇಳುತ್ತಿದ್ದಾಗ ಅವಳ ಕಣ್ಣು ಒಮ್ಮೆ ಮಿನುಗಿತು. "ಎಷ್ಟು ಸಣ್ಣ ಕೊಳವೆ?" ಎಂದಳು. ನಾನು ಬೆರಳಿನಲ್ಲಿ ತೋರಿಸುವಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರು ಕೂಗಿತು, ಎದ್ದು ಹೋದಳು. ವಾಪಸ್ಸು ಬಂದಾಗ ನಾವು ಬೇರೆ ಮಾತು ಆಡಿದೆವು.